ಚಪ್ಪಲಿ ಬಿಚ್ಚಿಸಿ, ಡಾಕ್ಟ್ರೇ

ಶುಗರ್ ಇರುವ ಯಾರನ್ನಾದರೂ ಮಾತಾಡಿಸಿ ನೋಡಿ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಚಹಾ ಅಂಗಡಿಯಲ್ಲಾಗಲಿ, ಮಾನ್ವಿ ಬಸ್ ಸ್ಟ್ಯಾಂಡಿನಲ್ಲಾಗಲಿ, ದೇವದುರ್ಗದ ಸಂತೆಯಲ್ಲಾಗಲಿ, ಅವರಿಗೆ ಎಲ್ಲ ಬಾಯಿಪಾಠ. ಖಾಲಿ ಹೊಟ್ಟೆಗೆ ಎಷ್ಟು, ಊಟ ಆದ ಮೇಲೆ ಎಷ್ಟು, ಯಾವ ಗುಳಿಗೆ, ಮುಂಜಾನೆ ಅರ್ಧವೋ ಪೂರ್ತಿಯೋ, ಅಕ್ಕಿ ಬಿಟ್ಟು ಜೋಳದ ರೊಟ್ಟಿಗೆ ಬಂದದ್ದು ಯಾವಾಗ, ಎಲ್ಲವನ್ನೂ ಹೇಳುತ್ತಾರೆ. ಆಮೇಲೆ ಇನ್ನೊಂದು ಪ್ರಶ್ನೆ ಹಾಕಿ. ‘ಡಾಕ್ಟ್ರು ನಿಮ್ಮ ಪಾದ ಮುಟ್ಟಿ ನೋಡಿದ್ದು ಯಾವಾಗ?’

‘ಪಾದಾನ? ಪಾದ ಯಾಕ ನೋಡ್ತಾರ್ರೀ? ಶುಗರ್ ಇರೋದು ರಕ್ತದಾಗ ಅಲ್ಲೇನು?’

ಈ ವಾರದ ಅಂಕಣ ಈ ಉತ್ತರದ ಮೇಲೆಯೇ. ಶುಗರ್ ರಕ್ತದಲ್ಲಿರುವುದು ನಿಜ. ಆದರೆ ಅದು ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸುವುದು ನರಗಳನ್ನು. ನರಕ್ಕೆ ಆಹಾರ ಒಯ್ಯುವ ಕೂದಲೆಳೆಯಂಥ ರಕ್ತನಾಳಗಳು ಹಾಳಾಗುತ್ತವೆ, ನರವೂ ಸೊರಗುತ್ತದೆ. ಮೈಯಲ್ಲಿ ಅತಿ ಉದ್ದದ ನರ ಕಾಲ್ಬೆರಳ ತುದಿಗೆ ಹೋಗುವುದರಿಂದ ಪೆಟ್ಟು ಮೊದಲು ಬೀಳುವುದೂ ಅಲ್ಲಿಯೇ. ಬೆರಳಿನಿಂದ ಅಂಗಾಲಿಗೆ, ಅಂಗಾಲಿನಿಂದ ಮೊಣಕಾಲಿನತ್ತ, ಕಾಲುಚೀಲ ಏರಿಸಿದ ಹಾಗೆ ಮರಗಟ್ಟುವಿಕೆ ಮೇಲಕ್ಕೆ ಬರುತ್ತದೆ.

ಕೆಲವರಿಗೆ ಉರಿ, ಜೋಮು, ಸೂಜಿ ಚುಚ್ಚಿದಂಥ ನೋವು ಇರುತ್ತದೆ. ರಾತ್ರಿ ಹಾಸಿಗೆಗೆ ಬಿದ್ದ ಮೇಲೆ ಅದು ಹೆಚ್ಚು. ಇಂಥವರು ಹೇಗೋ ಆಸ್ಪತ್ರೆ ಸೇರುತ್ತಾರೆ, ನೋವು ಅವರನ್ನು ಎಳೆದು ತರುತ್ತದೆ. ಆತಂಕ ಇರುವುದು ಉಳಿದವರ ಬಗ್ಗೆ. ನರ ಕೆಟ್ಟವರಲ್ಲಿ ಅರ್ಧದಷ್ಟು ಜನರಿಗೆ ಏನೂ ಅನ್ನಿಸದೇ ಇರಬಹುದು ಎಂದು ಮಧುಮೇಹ ತಜ್ಞರು ಹೇಳುತ್ತಾರೆ. ‘ನಂಗೇನೂ ಆಗಿಲ್ರೀ, ಕಾಲು ಚಲೋ ಅದಾವ’ ಎನ್ನುವವರು ಇವರೇ. ಒಂದು ದಿನ ‘ಚಪ್ಪಲಿ ಕಾಲಾಗಿಂದ ಜಾರಿ ಹೋಗಿದ್ದು ಗೊತ್ತಾಗಲಿಲ್ಲ’ ಎಂದು ನಗುತ್ತಾ ಹೇಳುತ್ತಾರೆ. ಹವಾಯಿ ಚಪ್ಪಲಿ ಕಳಚಿಬಿದ್ದರೂ ತಿಳಿಯದಿರುವುದು ನಗುವ ವಿಷಯವಲ್ಲ, ಅದೊಂದು ಲಕ್ಷಣ.

ಪಾದ ಮರಗಟ್ಟಿದರೆ ಏನಾಗುತ್ತದೆ? ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿ ಒಳಗೇ ಮುರಿಯುತ್ತದೆ. ಚಪ್ಪಲಿಯ ಮೊಳೆ ಮೇಲೆದ್ದು ದಿನವಿಡೀ ಚುಚ್ಚುತ್ತದೆ. ಬೈಕಿನ ಸೈಲೆನ್ಸರ್ ತಗುಲಿ ಚರ್ಮ ಬೇಯುತ್ತದೆ. ಇವು ಯಾವುವೂ ಅರಿವಿಗೆ ಬರುವುದಿಲ್ಲ. ಜೊತೆಗೆ ಬೆವರಿಸುವ ನರಗಳೂ ಕೆಟ್ಟಿರುವುದರಿಂದ ಅಂಗಾಲು ಒಣಗುತ್ತದೆ, ಹಿಮ್ಮಡಿ ಸೀಳುತ್ತದೆ. ಸ್ನಾಯುಗಳು ಸೊರಗಿ ಬೆರಳು ಮಡಚಿಕೊಳ್ಳುತ್ತವೆ, ಹೆಬ್ಬೆರಳ ಬುಡದ ಮೇಲೆ ಭಾರ ಹೆಚ್ಚಿ ಆಣಿ ಕಟ್ಟುತ್ತದೆ, ಆಣಿಯ ಅಡಿಯಲ್ಲೇ ಹುಣ್ಣಾಗುತ್ತದೆ. ನೋವಿಲ್ಲದ ಹುಣ್ಣಿನ ಮೇಲೆ ಮನುಷ್ಯ ಎಂದಿನಂತೆ ನಡೆಯುತ್ತಲೇ ಇರುತ್ತಾನೆ. ಕಾಲುಚೀಲಕ್ಕೆ ಕೀವು ಹತ್ತಿದಾಗಲೋ, ಮನೆಯವರಿಗೆ ವಾಸನೆ ಬಂದಾಗಲೋ ಗೊತ್ತಾಗುತ್ತದೆ. ಆಮೇಲಿನ ಕಥೆ ಬೆರಳು ತೆಗೆದರು, ಪಾದ ತೆಗೆದರು, ಮೊಣಕಾಲ ಕೆಳಗೆ ತೆಗೆದರು ಎಂದು ಮೇಲಕ್ಕೆ ಹೋಗುತ್ತದೆ. ಮಧುಮೇಹದಿಂದ ಕಾಲು ಕಳೆದುಕೊಳ್ಳುವವರಲ್ಲಿ ಬಹುಪಾಲು ಜನರಿಗೆ ಮೊದಲು ಬಂದದ್ದು ಹೀಗೆ ಒಂದು ಹುಣ್ಣು. ನರದ ಕೇಡನ್ನು ಹುಣ್ಣಿಗೆ ಮುಂಚೆಯೇ ಹಿಡಿದರೆ ಅನೇಕರ ಕಾಲು ಉಳಿಯುತ್ತದೆ.

ಹಿಡಿಯುವುದು ಹೇಗೆ? ದೊಡ್ಡ ಮಷಿನ್ ಬೇಕೇನೋ ಎಂದುಕೊಳ್ಳಬೇಡಿ. ನಿಮ್ಮ ತೋರುಬೆರಳು ಸಾಕು.

ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಆಸ್ಪತ್ರೆಯಲ್ಲಿ ಜೆರ‍್ರಿ ರೇಮನ್ ಎಂಬ ವೈದ್ಯರ ತಂಡ ಒಂದು ಪರೀಕ್ಷೆ ರೂಪಿಸಿ 2011ರಲ್ಲಿ ಪ್ರಕಟಿಸಿತು. ಊರ ಹೆಸರಿನಲ್ಲೇ ಅದು ಇಪ್ಸ್‌ವಿಚ್ ಸ್ಪರ್ಶ ಪರೀಕ್ಷೆ. ರೋಗಿಯನ್ನು ಮಂಚದ ಮೇಲೆ ಮಲಗಿಸಿ ಇಲ್ಲವೇ ಕಾಲು ಚಾಚಿ ಕೂರಿಸಿ. ಮೊದಲು ಎರಡೂ ಕಾಲು ಮುಟ್ಟಿ ಇದು ಬಲ, ಇದು ಎಡ ಎಂದು ಹೇಳಿಕೊಡಿ. ಕಣ್ಣು ಮುಚ್ಚಲು ಹೇಳಿ. ಮುಟ್ಟಿದ್ದು ತಿಳಿದ ಕೂಡಲೇ ‘ಬಲ’ ಅಥವಾ ‘ಎಡ’ ಎನ್ನಬೇಕು. ಈಗ ತೋರುಬೆರಳ ತುದಿಯಿಂದ ಬಲಗಾಲಿನ ಹೆಬ್ಬೆರಳ ತುದಿಯನ್ನು ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಿ. ಆಮೇಲೆ ಬಲಗಾಲಿನ ಕಿರುಬೆರಳು. ಆಮೇಲೆ ಎಡಗಾಲಿನ ಹೆಬ್ಬೆರಳು, ಎಡಗಾಲಿನ ಕಿರುಬೆರಳು. ಕೊನೆಗೆ ಬಲಗಾಲಿನ ನಡುಬೆರಳು, ಎಡಗಾಲಿನ ನಡುಬೆರಳು. ಒಟ್ಟು ಆರು ಬೆರಳು. ಎರಡು ಅಥವಾ ಅದಕ್ಕಿಂತ ಹೆಚ್ಚು ಬೆರಳಲ್ಲಿ ಸ್ಪರ್ಶ ತಿಳಿಯದಿದ್ದರೆ ಪಾದದ ಸಂವೇದನೆ ಕುಗ್ಗಿದೆ ಎಂದೇ ಅರ್ಥ.

ಇಲ್ಲಿ ಮನೆಯವರು ತಪ್ಪುವ ಜಾಗ ಒಂದಿದೆ. ಅಪ್ಪ ಉತ್ತರ ಕೊಡಲಿಲ್ಲ ಎಂದು ಮಗ ಮತ್ತೆ ಮುಟ್ಟುತ್ತಾನೆ, ಸ್ವಲ್ಪ ಒತ್ತುತ್ತಾನೆ, ಉಗುರು ತಾಗಿಸುತ್ತಾನೆ. ‘ಈಗ ಗೊತ್ತಾತೇನಪಾ?’ ‘ಹಾಂ, ಗೊತ್ತಾತು.’ ಹೀಗೆ ಮಾಡಿದರೆ ಪರೀಕ್ಷೆ ಕೆಟ್ಟಂತೆ. ಒತ್ತಬಾರದು, ತಟ್ಟಬಾರದು, ತಿಕ್ಕಬಾರದು. ಒಂದು ಬೆರಳಿಗೆ ಒಂದೇ ಸಲ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಬರೆದುಕೊಂಡು ಮುಂದಿನ ಬೆರಳಿಗೆ ಹೋಗಿ.

ಆಸ್ಪತ್ರೆಗಳಲ್ಲಿ ಬಳಸಬೇಕಾದ ಸಾಧನ ಇನ್ನೊಂದಿದೆ. ಹಿಡಿಕೆಗೆ ಕಟ್ಟಿದ ಒಂದು ನೈಲಾನ್ ಎಳೆ, ಹೆಸರು ಮಾನೋಫಿಲಮೆಂಟ್. ಅಂಗಾಲಿಗೆ ನೆಟ್ಟಗೆ ಹಿಡಿದು ಒತ್ತಿದರೆ ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಅದು ಬಾಗುತ್ತದೆ. ಅಷ್ಟು ಒತ್ತಡವೂ ತಿಳಿಯದ ಪಾದಕ್ಕೆ ತನ್ನನ್ನು ತಾನು ಕಾಪಾಡಿಕೊಳ್ಳುವ ಶಕ್ತಿ ಉಳಿದಿಲ್ಲ. ಇದರ ವಂಶಾವಳಿ ಸ್ವಾರಸ್ಯದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಫಾನ್ ಫ್ರೈ ಕುದುರೆ ಕೂದಲಿನಿಂದ ಸ್ಪರ್ಶ ಅಳೆಯುತ್ತಿದ್ದ. 1960ರ ಹೊತ್ತಿಗೆ ಅಮೆರಿಕದ ಸೆಮ್ಸ್ ಮತ್ತು ವೈನ್‌ಸ್ಟೈನ್ ಯುದ್ಧದಲ್ಲಿ ಮೆದುಳಿಗೆ ಪೆಟ್ಟು ಬಿದ್ದ ಸೈನಿಕರನ್ನು ಪರೀಕ್ಷಿಸಲು ನೈಲಾನ್ ಎಳೆ ತಂದರು. ಅಲ್ಲಿಂದ ಅದು ಕುಷ್ಠರೋಗದ ಆಸ್ಪತ್ರೆಗಳಿಗೆ ಬಂತು, ಅಲ್ಲಿಂದ ಮಧುಮೇಹಕ್ಕೆ.

ಕುಷ್ಠ ಮತ್ತು ಮಧುಮೇಹಕ್ಕೆ ಎಲ್ಲಿಂದೆಲ್ಲಿಯ ನಂಟು ಎಂದರೆ, ಎರಡೂ ಮಾಡುವುದು ಒಂದೇ ಕೆಲಸ, ಪಾದದ ನೋವನ್ನು ಕಸಿಯುತ್ತವೆ. ಇದನ್ನು ಜಗತ್ತಿಗೆ ತಿಳಿಸಿದವರಲ್ಲಿ ಮುಖ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಮೂಳೆ ಸರ್ಜನ್ ಪಾಲ್ ಬ್ರ್ಯಾಂಡ್. ಕುಷ್ಠರೋಗಿಗಳ ಬೆರಳು ತಾವಾಗಿ ಕೊಳೆತು ಬೀಳುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲ. ಹಾಗಲ್ಲ, ನೋವು ತಿಳಿಯದೆ ಆದ ಗಾಯಗಳಿಂದ ಬೆರಳು ಹೋಗುತ್ತವೆ ಎಂದು ಅವರು ಒಂದೊಂದೇ ಗಾಯ ಹುಡುಕಿ ತೋರಿಸಿದರು. ಕೆಲವರ ಬೆರಳ ತುದಿ ರಾತ್ರಿ ಬೆಳಗಾಗುವುದರೊಳಗೆ ಕಾಣೆಯಾಗುತ್ತಿತ್ತು. ಇಲಿ ಕಡಿದದ್ದು ಮಲಗಿದವರಿಗೆ ತಿಳಿಯುತ್ತಿರಲಿಲ್ಲ! ಅವರು ರೋಗಿಗಳಿಗೆ ಬೆಕ್ಕು ಕೊಟ್ಟು ಮನೆಗೆ ಕಳಿಸತೊಡಗಿದರು. ಬತ್ತದ ಚೀಲ ತುಂಬಿದ ಕೋಣೆಯಲ್ಲೇ ಮಲಗುವ ಮಾನ್ವಿ ಸೀಮೆಯ ಶುಗರ್ ರೋಗಿಗಳೂ ಈ ಮಾತನ್ನು ನೆನಪಿಡುವುದು ಒಳ್ಳೆಯದು. ಮರಗಟ್ಟಿದ ಪಾದವನ್ನು ಇಲಿ ಕಡಿಯುವುದು ಮಧುಮೇಹಿಗಳಲ್ಲೂ ಕಂಡಿರುವ ಸಂಗತಿ.

ಈಗ ನಮ್ಮ ಜಿಲ್ಲೆಗೆ ಬರೋಣ. ಪಾದಕ್ಕೆ ಇಷ್ಟು ಕಷ್ಟ ಕೊಡುವ ಸೀಮೆ ಕಡಿಮೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಡಾಂಬರು ರಸ್ತೆ, ಗುಡಿಯ ಅಂಗಳದ ಕಲ್ಲು ಮರಗಟ್ಟಿದ ಅಂಗಾಲನ್ನು ಸುಡುತ್ತವೆ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳು ಗಂಟೆಗಟ್ಟಲೆ ಬರಿಗಾಲಲ್ಲಿ ಕೆಸರಿನಲ್ಲಿರುತ್ತಾರೆ. ದೇವದುರ್ಗದ ಕಡೆ ಹತ್ತಿ ಬಿಡಿಸುವವರ ಕಾಲಿಗೆ ಕಟಗಿ, ಕೂಳೆ. ಕಾಕತಾಳೀಯ ನೋಡಿ, ನರ ಕೆಟ್ಟವರು ಡಾಕ್ಟರ ಮುಂದೆ ಹೇಳುವ ಮಾತೂ ಅದೇ, ‘ಹತ್ತಿ ಮ್ಯಾಲ ನಡದಂಗ ಆಗ್ತದ್ರೀ.’

ಇನ್ನು ಹರಕೆಯ ಪಾದಗಳು. ಯುಗಾದಿಗೆ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಶ್ರೀಶೈಲಕ್ಕೆ ಹೊರಟ ಪಾದಯಾತ್ರೆ ನಮ್ಮ ಜಿಲ್ಲೆಯನ್ನು ಹಾದೇ ಹೋಗುತ್ತದೆ. ಮಂತ್ರಾಲಯಕ್ಕೆ ನಡೆದು ಹೋಗುವವರು ವರ್ಷವಿಡೀ ಸಿಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಬರಿಗಾಲು, ಎಷ್ಟೋ ಮಂದಿ ಐವತ್ತು ದಾಟಿದವರು. ದಾರಿಯುದ್ದಕ್ಕೂ ದಾಸೋಹ ಹಾಕಿ, ಮಜ್ಜಿಗೆ ಕೊಟ್ಟು, ಯಾತ್ರಿಗಳ ಕಾಲಿಗೆ ಎಣ್ಣೆ ತಿಕ್ಕುವ ನಮ್ಮ ಜನರ ಬಗ್ಗೆ ನನಗೆ ಹೆಮ್ಮೆಯಿದೆ. ಆ ಶಾಮಿಯಾನದ ಕೆಳಗೇ ಒಬ್ಬ ನರ್ಸ್ ಕೂತು, ಎಣ್ಣೆ ಹಚ್ಚುವ ಮುಂಚೆ ‘ಶುಗರ್ ಅದೇನ್ರೀ?’ ಎಂದು ಕೇಳಿ ಆರು ಬೆರಳು ಮುಟ್ಟಿದರೆ? ಕಾಲು ಹೇಗೂ ಅವರ ಕೈಯಲ್ಲಿರುತ್ತದೆ. ಶುಗರ್ ಇದ್ದು ಪಾದ ಮರಗಟ್ಟಿದವರು ಹರಕೆ ಇದ್ದರೂ ಚಪ್ಪಲಿ ಹಾಕಿಕೊಂಡೇ ನಡೆಯಬೇಕು. ಶ್ರೀಶೈಲದ ಮಲ್ಲಯ್ಯ ಬೇಜಾರಾಗುವ ದೇವರಲ್ಲ.

ಆರೋಗ್ಯ ಇಲಾಖೆಯ ಕಾಗದಗಳಲ್ಲಿ ಪಾದ ಇಲ್ಲವೇ? ಇದೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರು ಮಾಡಿ 2025ರಲ್ಲಿ ಎಲ್ಲ ಜಿಲ್ಲೆಗೂ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ತಪಾಸಣೆ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹದ ಪಾದ ಸೇರಿದೆ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಒಯ್ಯುವ ಸಿ-ಬ್ಯಾಕ್ ಎಂಬ ಫಾರ್ಮು ಇನ್ನೂ ಹಳೆಯದು. ಅದರಲ್ಲಿ ಅಂಗೈ ಅಂಗಾಲಲ್ಲಿ ಮತ್ತೆ ಮತ್ತೆ ಜುಮುಗುಡುತ್ತದೆಯೇ, ಮತ್ತೆ ಮತ್ತೆ ಹುಣ್ಣಾಗುತ್ತದೆಯೇ ಎಂಬ ಪ್ರಶ್ನೆಗಳಿವೆ. ಅವನ್ನು ಹಾಕಿದ್ದು ಕುಷ್ಠ ಹುಡುಕಲು. ಹೌದು ಎಂದವರನ್ನು ಕುಷ್ಠಕ್ಕೆ ಪರೀಕ್ಷಿಸಲೇಬೇಕು, ಮೈಮೇಲೆ ಸ್ಪರ್ಶವಿಲ್ಲದ ಬಿಳಿಚಿದ ಮಚ್ಚೆ ಇದೆಯೇ ಎಂದು ನೋಡಲೇಬೇಕು. ಆದರೆ ಅದೇ ಮನುಷ್ಯನ ಹೆಸರಿನ ಮುಂದೆ ಶುಗರ್ ಎಂದೂ ಬರೆದಿದ್ದರೆ ಎರಡನ್ನೂ ಕೂಡಿಸಿ ಓದುವವರು ಯಾರು? ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಪಾದ ಮುಟ್ಟಿದಂತಾಗುವುದಿಲ್ಲ. ಪ್ರಶ್ನೆ ಕೇಳಿದ ಆಶಾಗೇ ಮುಟ್ಟಿ ನೋಡುವುದನ್ನೂ ಒಂದು ಮಧ್ಯಾಹ್ನದ ತರಬೇತಿಯಲ್ಲಿ ಕಲಿಸಿಕೊಡಬಹುದು. ಕಲಿಸಿದ ಮೇಲೆ ಅದಕ್ಕೂ ಪ್ರೋತ್ಸಾಹಧನ ಕೊಡಿ. ಬಿಟ್ಟಿ ಕೆಲಸಗಳ ಮೂಟೆ ಅವರ ತಲೆಯ ಮೇಲೆ ಈಗಾಗಲೇ ಸಾಕಷ್ಟಿದೆ.

ಡಾಕ್ಟರುಗಳು ಯಾಕೆ ಪಾದ ನೋಡುವುದಿಲ್ಲ ಎಂಬುದಕ್ಕೆ ‘ಟೈಮ್ ಎಲ್ಲದ?’ ಎಂಬ ಉತ್ತರ ತಯಾರಿರುತ್ತದೆ. ಓಪಿಡಿಯ ಸರದಿ ನೋಡಿದವರಿಗೆ ಅದು ಸುಳ್ಳು ಅನ್ನಿಸದು. ಆದರೆ ಇದು ಡಾಕ್ಟರೇ ಮಾಡಬೇಕಾದ ಕೆಲಸವಲ್ಲ. ಬಿಪಿ ಪಟ್ಟಿ ಸುತ್ತುವ ಸಿಸ್ಟರ್ ಅದೇ ಕುರ್ಚಿಯಲ್ಲಿ ಒಂದು ನಿಮಿಷದಲ್ಲಿ ಮುಗಿಸಬಹುದು. ನಿಜವಾದ ಅಡ್ಡಿ ಬೇರೆ ಇದೆ, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ನಮ್ಮಲ್ಲಿ ಕಾಲು ಮುಟ್ಟುವುದು ಸರಳ ಸಂಗತಿಯಲ್ಲ. ಹೊಲದಿಂದ ನೇರ ಬಂದ ಅಜ್ಜಿ ಧೂಳು ಕಾಲನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ‘ಬ್ಯಾಡ ಯಮ್ಮಾ, ನೀ ನನ್ನ ಕಾಲು ಮುಟ್ಟಬ್ಯಾಡ’ ಎಂದು ಕಾಲೆಳೆದುಕೊಳ್ಳುತ್ತಾಳೆ. ಕುರ್ಚಿಯ ಈಚೆಗಿರುವ ಕೆಲವರಿಗೂ ಯಾರ ಕಾಲು ಮುಟ್ಟಬೇಕು, ಯಾರದು ಬೇಡ ಎಂಬ ಲೆಕ್ಕ ತಲೆಯಲ್ಲಿರುತ್ತದೆ. ಆ ಲೆಕ್ಕ ಯಾವುದೆಂದು ಈ ಜಿಲ್ಲೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮಡಿವಂತಿಕೆಗೆ ಆಸ್ಪತ್ರೆಯಲ್ಲಿ ಜಾಗವಿಲ್ಲ ಎಂದು ಮೇಲಿನವರು ಖಡಕ್ಕಾಗಿ ಹೇಳಲಿ. ಸಂಕೋಚಕ್ಕೆ ಮದ್ದು ಸುಲಭ, ಬಾಗಿಲಲ್ಲಿ ಒಂದು ನಲ್ಲಿ, ಒಂದು ಬಕೆಟ್ ನೀರು, ಒರೆಸಿಕೊಳ್ಳಲು ಬಟ್ಟೆ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿದೆ. ಬೇಡಿಕೆ ನ್ಯಾಯವಾದದ್ದು, ಈ ಅಂಕಣವೂ ಅದರ ಪರ. 2007ರಲ್ಲಿ ಬಂದ ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಒಂದೇ ಇಡೀ ಸೀಮೆಯ ಭಾರ ಹೊರಲಾರದು. ಆದರೆ ಹೇಳಲೇಬೇಕಾದ್ದು, ಆರು ಬೆರಳು ಮುಟ್ಟಲು ಏಮ್ಸ್ ಬರುವ ತನಕ ಕಾಯಬೇಕಿಲ್ಲ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಕೊಳೆತ ಪಾದ ಹೊತ್ತು ಬಸ್ಸಿನಲ್ಲಿ ಕೂತು ರಾಯಚೂರಿಗೆ, ಅಲ್ಲಿಂದ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವ ಪ್ರಯಾಣ ತಪ್ಪುವುದು ಊರಿನ ಉಪಕೇಂದ್ರದಲ್ಲೇ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಪಾದಕ್ಕೆಂದೇ ವಿಭಾಗವಿದೆ. ಅಲ್ಲಿನವರು ಇಲ್ಲಿಗೆ ಬಂದು ನಮ್ಮ ಸಿಸ್ಟರುಗಳಿಗೆ ಕಲಿಸಿ ಹೋದರೆ ಅದೇ ದೊಡ್ಡ ಉಪಕಾರ.

ಪರೀಕ್ಷೆಗೆ ಮಿತಿ ಇಲ್ಲವೆಂದಲ್ಲ. ಸ್ಪರ್ಶ ಸರಿಯಿದ್ದೂ ಉರಿಪಾದದಿಂದ ಒದ್ದಾಡುವವರಿದ್ದಾರೆ, ಸಣ್ಣ ನರಗಳ ಕೇಡು ಬೆರಳಿಗೆ ಸಿಗದು. ಕಾಲಿನ ರಕ್ತ ಸಂಚಾರ ಹೇಗಿದೆ ಎಂಬುದೂ ಇದರಲ್ಲಿ ತಿಳಿಯದು, ಅದಕ್ಕೆ ಪಾದದ ಮೇಲಿನ ನಾಡಿ ಹಿಡಿದು ನೋಡಬೇಕು. ಮರಗಟ್ಟಿದ್ದೆಲ್ಲ ಶುಗರ್‌ನದೇ ಎಂದೂ ಅಲ್ಲ. ಬಹಳ ವರ್ಷ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕಡಿಮೆಯಾಗಿ ನರ ಸೊರಗಬಹುದು, ಸೆರೆ ಕುಡಿತದಿಂದಲೂ ಆಗುತ್ತದೆ. ಅದಕ್ಕೇ ತಿಳಿಯದಿದ್ದ ಬೆರಳಿನ ಸುದ್ದಿ ಡಾಕ್ಟರಿಗೆ ಮುಟ್ಟಬೇಕು, ಔಷಧಿ ಅಂಗಡಿಗಲ್ಲ. ಎಲ್ಲ ಸರಿಯಿದ್ದವರೂ ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಬೇಕು. ದೊಡ್ಡವರ ಶುಗರ್ ಆದರೆ ಕಾಯಿಲೆ ಗೊತ್ತಾದ ದಿನವೇ ಮೊದಲ ಪರೀಕ್ಷೆ, ಯಾಕೆಂದರೆ ಅದು ಎಷ್ಟು ವರ್ಷದಿಂದ ಒಳಗಿತ್ತೋ ಯಾರೂ ಹೇಳಲಾರರು.

ತಿಳಿಯಲಿಲ್ಲ ಎಂದಾದರೆ ಮುಂದೇನು? ಕೆಟ್ಟ ನರವನ್ನು ಹಳೆಯ ಸ್ಥಿತಿಗೆ ತರುವ ಗುಳಿಗೆ ಇಲ್ಲ. ಶುಗರ್ ಹತೋಟಿಯಲ್ಲಿಟ್ಟು ಕೇಡು ಹೆಚ್ಚದಂತೆ ನೋಡಿಕೊಳ್ಳಬಹುದು, ಪಾದವನ್ನು ಕಣ್ಣಿನಿಂದ ಕಾಯಬಹುದು. ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿಕೊಳ್ಳುವುದು. ಬಗ್ಗಲು ಆಗದವರು ಕನ್ನಡಿ ನೆಲದ ಮೇಲಿಟ್ಟು ನೋಡುವುದು, ಇಲ್ಲವೇ ಮೊಮ್ಮಕ್ಕಳನ್ನು ಕರೆಯುವುದು. ಮನೆಯೊಳಗೂ ಚಪ್ಪಲಿ. ಅದು ಕೂಡದು ಎನ್ನುವ ಮನೆಗಳಲ್ಲಿ ಒಳಗೆಂದೇ ಬೇರೆ ಜೋಡು. ಹಾಕಿಕೊಳ್ಳುವ ಮುಂಚೆ ಕೊಡವಬೇಕು, ಒಳಗೆ ಕೈಯಾಡಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಅದಕ್ಕೆ ಅಂಗಡಿಯ ಪಟ್ಟಿ ಅಂಟಿಸುವುದು ಎರಡೂ ಅಪಾಯ, ಆ ಪಟ್ಟಿಯಲ್ಲಿ ಆ್ಯಸಿಡ್ ಇರುತ್ತದೆ. ಕಾಲು ಜೋಮಿಗೆಂದು ಬಿಸಿನೀರಲ್ಲಿ ಕಾಲಿಡುವ ರೂಢಿಯನ್ನಂತೂ ಬಿಡಲೇಬೇಕು. ಕಾಲುಂಗುರ ಬಿಗಿಯಾಗಿದ್ದರೆ ಸಡಿಲಿಸಬೇಕು. ಗಾಯ ಕಂಡರೆ ನೋವಿಲ್ಲದಿದ್ದರೂ ಅಂದೇ ಆಸ್ಪತ್ರೆ. ಅರಿಷಿಣ ಮೆತ್ತಿ ನೋಡೋಣ, ನಾಳೆ ನೋಡೋಣ ಎನ್ನುವುದರಲ್ಲೇ ಬೆರಳು ಹೋಗುತ್ತದೆ.

ಕೆಸರು ಗದ್ದೆಯ ಕೂಲಿಯವರಿಗೆ ಚಪ್ಪಲಿ ಹಾಕಿಕೋ ಎನ್ನುವುದು ಹೇಳಲು ಸುಲಭ, ಮಾಡಲು ಆಗದ ಮಾತು. ಮರಗಟ್ಟಿದ ಪಾದದವರನ್ನು ನಾಟಿ ಬಿಟ್ಟು ದಂಡೆಯ ಮೇಲಿನ ಕೆಲಸಕ್ಕೆ ಹಾಕಬೇಕು, ಕೂಲಿ ಕಡಿಯದೆ. ಗದ್ದೆ ಮಾಲೀಕರು ಇಷ್ಟು ಮಾಡಬಹುದು. ಉಳಿದ ಹೊತ್ತಿಗೆ ಎಂಸಿಆರ್ ಎಂಬ ಮೆತ್ತನೆ ರಬ್ಬರಿನ, ಹಿಂದೆ ಪಟ್ಟಿಯಿರುವ, ಮೊಳೆ ಹೊಡೆಯದೆ ಅಂಟಿಸಿದ ಚಪ್ಪಲಿ ಬೇಕು. ಇದೂ ಕುಷ್ಠರೋಗಿಗಳಿಗಾಗಿ ನಮ್ಮ ದೇಶದಲ್ಲೇ ಬೆಳೆದದ್ದು. ಊರ ಚಮ್ಮಾರರಿಗೆ ಹಾಳೆ ಒದಗಿಸಿ ತೋರಿಸಿದರೆ ಅವರೇ ಹೊಲಿದು ಕೊಡುತ್ತಾರೆ. ಸರ್ಕಾರದ್ದೇ ಚರ್ಮೋದ್ಯಮ ನಿಗಮ ಲಿಡ್ಕರ್ ಇದೆ, ಈ ಕೆಲಸ ಅದರದ್ದು.

ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಅರಿಕೆ ಸಣ್ಣದು. ಶುಗರ್ ಕಾರ್ಡಿನಲ್ಲಿ ‘ಪಾದ’ ಎಂದು ಒಂದು ಸಾಲು ಸೇರಿಸಿ. ಅದು ಖಾಲಿಯಿದ್ದರೆ ಮುಂದಿನ ತಿಂಗಳ ಗುಳಿಗೆ ಕೊಡುವ ಮುಂಚೆ ಸಿಸ್ಟರ್ ಮುಟ್ಟಿ ನೋಡಿ ತುಂಬಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದೆರಡು ಮಾನೋಫಿಲಮೆಂಟ್ ಕೊಡಿಸಿ, ಬೆಲೆ ಕೆಲವು ನೂರು ರೂಪಾಯಿ. ಮಾನ್ವಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಗಳಲ್ಲಿ ಗಾಯದ ಪಾದಕ್ಕೆ ವಾರಕ್ಕೊಂದು ದಿನ ಗೊತ್ತು ಮಾಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ, ಶಂಕುಸ್ಥಾಪನೆಯೂ ಬೇಡ. ಎಡದಂಡೆಗೆ ನೀರು ಬಿಟ್ಟು ನಾಟಿ ಹತ್ತುವ ಮುಂಚೆ ಮಾನ್ವಿ ತಾಲ್ಲೂಕಿನಲ್ಲಿ ಮೊದಲ ಸುತ್ತು ಮುಗಿಸಿ.